ಗಣಪತಿಗೆ ಪಟ್ಟಿ ಕೊಡ್ತೀವಿ, ಓಣಿಗೆ ಯಾಕಿಲ್ಲ? ‘ನಿಮ್ಮದು ಅರ್ಧ, ಊರಿಂದು ಅರ್ಧ’ ಲೆಕ್ಕದ ಒಳಹೊರಗು

ಗದಗ: ಶ್ರಾವಣ ಬಂತಂದ್ರ ಗದಗ-ಬೆಟಗೇರಿಯ ಯಾವ ಓಣಿಗೆ ಹೋದ್ರೂ ಹುಡುಗರು ಪಾವತಿ ಪುಸ್ತಕ ಹಿಡಕೊಂಡು ಅಂಗಡಿ ಅಂಗಡಿ ತಿರುಗತಿರತಾರ. ಕಿರಾಣಿ ಅಂಗಡಿಯವರು 500, ಬಟ್ಟೆ ಅಂಗಡಿಯವರು ಸಾವಿರ, ಚಹಾದ ಅಂಗಡಿಯವರೂ ನೂರು ರೂಪಾಯಿ ಬರೆಸ್ತಾರ. ಗೊಣಗಿಕೊಂಡು ಕೊಟ್ಟರೂ ಕೊಡ್ತಾರ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲೂ ಇದೇ ಕಥೆ. ಜಾತ್ರೆಗೆ ಪಟ್ಟಿ, ಗುಡಿ ಕಳಸಕ್ಕೆ ಪಟ್ಟಿ, ಉರುಸಿಗೆ ಪಟ್ಟಿ. ಆದರೆ ಅದೇ ಅಂಗಡಿ ಮುಂದಿನ ಗಟಾರ ತುಂಬಿ ರಸ್ತೆಗೆ ಹರಿದರೆ ಮಾತ್ರ ಪಟ್ಟಿ ಇಲ್ಲ, ಮನವಿ ಪತ್ರ. ಮೊದಲು ವಾರ್ಡ್ ಸದಸ್ಯರಿಗೆ, ಆಮೇಲೆ ಮುಖ್ಯಾಧಿಕಾರಿಗೆ, ಕೊನೆಗೆ ಶಾಸಕರಿಗೆ.

ಇದರಾಗ ಜನರ ತಪ್ಪು ಐತಿ ಅಂತ ನಾನು ಹೇಳೋದಿಲ್ಲ. ಗಟಾರಕ್ಕೆ ನಾವು ಆಗಲೇ ಕರ ಕಟ್ಟೀವಿ, ಮತ್ತೆ ಪಟ್ಟಿ ಯಾಕ ಕೊಡಬೇಕು ಅನ್ನೋದು ನ್ಯಾಯವಾದ ಪ್ರಶ್ನೆ. ಆದರೆ ಕರ ಮತ್ತು ಪಟ್ಟಿ ಇವೆರಡರ ನಡುವೆ ಇನ್ನೊಂದು ದಾರಿ ಐತಿ. ಬೇರೆ ಊರುಗಳು ಅದನ್ನು ನಡೆಸಿ ನೋಡಿವೆ, ನಮ್ಮ ಹಳ್ಳಿಗಳೂ ಅರ್ಧಂಬರ್ಧ ನೋಡಿವೆ. ಓಣಿಯವರು ಒಂದು ಪಾಲು ಹಾಕಿದರೆ ಸ್ಥಳೀಯ ಸಂಸ್ಥೆ ಅಥವಾ ಸರ್ಕಾರ ಅದಕ್ಕೆ ಸಮನಾಗಿ, ಕೆಲವು ಕಡೆ ಎರಡರಷ್ಟು, ತನ್ನ ಪಾಲು ಹಾಕುತ್ತದೆ. ಯಾವ ಕೆಲಸ ಅನ್ನೋದನ್ನು ಓಣಿಯವರೇ ಆರಿಸಬೇಕು. ಇದಕ್ಕೆ ಮ್ಯಾಚಿಂಗ್ ಗ್ರ್ಯಾಂಟ್ ಅಂತಾರ. ನಾವು ಸಮಪಾಲು ಅನುದಾನ ಅನ್ನೋಣ.

ಪಕ್ಕದ ತಮಿಳುನಾಡಿನಲ್ಲಿ ಇದಕ್ಕೆ ‘ನಮಕ್ಕು ನಾಮೆ’ ಅಂತ ಹೆಸರು, ಅಂದರೆ ನಮಗೆ ನಾವೇ. 1997-98ರಲ್ಲಿ ಕರುಣಾನಿಧಿ ಸರ್ಕಾರ ಇದನ್ನು ಶುರು ಮಾಡಿತು. ಜಯಲಲಿತಾ ಬಂದಾಗ ಹೆಸರು ಬದಲಾಯಿತು, 2021ರಲ್ಲಿ ಸ್ಟಾಲಿನ್ ಸರ್ಕಾರ ಹಳೆ ಹೆಸರನ್ನೇ ಮತ್ತೆ ತಂದಿತು. ಹೆಸರಿನ ಜಗಳ ಅವರಿಗೆ ಬಿಡ್ರಿ, ಲೆಕ್ಕ ಮಾತ್ರ ಗಟ್ಟಿ ಉಳಿದಿದೆ. ಕೆಲಸದ ಒಟ್ಟು ವೆಚ್ಚದಲ್ಲಿ ಕನಿಷ್ಠ ಮೂರನೇ ಒಂದು ಭಾಗ ಜನ ಹಾಕಬೇಕು, ಉಳಿದದ್ದು ಸರ್ಕಾರದ್ದು. ಜನರ ಪಾಲು ಅರ್ಧ ಅಥವಾ ಅದಕ್ಕಿಂತ ಹೆಚ್ಚಾದರೆ ಕೆಲಸವನ್ನು ಅವರೇ ಮಾಡಿಸಿಕೊಳ್ಳಬಹುದು. ನನ್ನ ಮಟ್ಟಿಗೆ ಈ ಕೊನೆಯ ಮಾತೇ ಎಲ್ಲಕ್ಕಿಂತ ದೊಡ್ಡದು. ರೊಕ್ಕ ಕೊಟ್ಟವನ ಕೈಯಲ್ಲೇ ಕೆಲಸದ ಹಿಡಿತ ಇದ್ದರೆ ಸಿಮೆಂಟು ಎಷ್ಟು ಚೀಲ ಬಿತ್ತು ಅಂತ ಎಣಿಸೋರು ಹತ್ತು ಮಂದಿ ಇರತಾರ.

ಅಮೆರಿಕದ ಸಿಯಾಟಲ್ ನಗರದಲ್ಲಿ 1988ರಿಂದ ಇಂಥದ್ದೊಂದು ನಿಧಿ ಇದೆ. ಅಲ್ಲಿ ನಮ್ಮವರು ಗಮನಿಸಬೇಕಾದ್ದು ಒಂದೇ. ಜನರ ಪಾಲು ಅಂದರೆ ಬರೀ ರೊಕ್ಕ ಅಲ್ಲ. ಕೈಕೆಲಸ, ಕೊಟ್ಟ ಸಾಮಾನು, ಎಂಜಿನಿಯರ್ ಒಬ್ಬರು ಪುಕ್ಕಟೆ ಹಾಕಿಕೊಟ್ಟ ನಕ್ಷೆ, ಎಲ್ಲಕ್ಕೂ ಬೆಲೆ ಕಟ್ಟಿ ಪಾಲಿನ ಲೆಕ್ಕಕ್ಕೆ ಸೇರಿಸ್ತಾರ.

ಇದು ನಮಗೇನು ಹೊಸದಲ್ಲ

ಅಮೆರಿಕ ಯಾಕ ಬೇಕು? 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘ ಹುಟ್ಟಿದ್ದು ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ತಮ್ಮ ರೊಕ್ಕ ಒಂದು ಕಡೆ ಕೂಡಿಸಿ, ಲೆಕ್ಕ ಇಟ್ಟು, ಊರ ಕೆಲಸಕ್ಕೆ ಹಚ್ಚೋದು ನಮ್ಮ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಕುಡಿಯುವ ನೀರಿನ ವಿಷಯದಲ್ಲಂತೂ ಹಳ್ಳಿಗಳು ಈ ಲೆಕ್ಕವನ್ನು ಇಪ್ಪತ್ತು ವರ್ಷದಿಂದ ಕಾಣತಿವೆ. 2002ರ ಡಿಸೆಂಬರಿನಲ್ಲಿ ವಾಜಪೇಯಿ ಸರ್ಕಾರದ ಸ್ವಜಲಧಾರಾ ಬಂತು. ಊರವರು ಶೇ 10, ಕೇಂದ್ರ ಶೇ 90. ಅದೇ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಜಲನಿರ್ಮಲ ಯೋಜನೆ ಉತ್ತರ ಕರ್ನಾಟಕದ 11 ಜಿಲ್ಲೆಗಳಿಗೆ ಬಂತು, ಅದರಲ್ಲಿ ಗದಗವೂ ಇತ್ತು. ಅಲ್ಲೂ ಊರವರ ವಂತಿಗೆ ಇತ್ತು. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ ನಿಯಮದಲ್ಲೂ ಹಳ್ಳಿಯೊಳಗಿನ ಕಾಮಗಾರಿಯ ಶೇ 10 ಸಮುದಾಯದ ಪಾಲು. ಗುಡ್ಡಗಾಡು, ಅರಣ್ಯ ಪ್ರದೇಶದ ಊರಿಗೆ ಮತ್ತು ಪರಿಶಿಷ್ಟ ಜಾತಿ-ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಊರಿಗೆ ಶೇ 5. ರೊಕ್ಕದಲ್ಲಿ ಕೊಡಬಹುದು, ಸಾಮಾನಿನಲ್ಲಿ ಕೊಡಬಹುದು, ದುಡಿಮೆಯಲ್ಲೂ ಕೊಡಬಹುದು.

ಆದರೆ ಈ ನೀರಿನ ಯೋಜನೆಗಳಲ್ಲಿ ಒಂದು ಕೊರತೆ. ಕೆಲಸ ಯಾವುದು ಅಂತ ಮೇಲಿನವರೇ ಮೊದಲು ತೀರ್ಮಾನ ಮಾಡಿರತಾರ, ಜನರ ಪಾಲು ಒಂದು ಶರತ್ತಿನಂತೆ ಬರುತ್ತದೆ. ಪೈಪು ಎಲ್ಲಿ ಹಾಯಬೇಕು ಅನ್ನೋದರಲ್ಲಿ ಓಣಿಯವರ ಮಾತು ನಡೆಯದೆ ಹೋದರೆ ವಂತಿಗೆ ಅನ್ನೋದು ಇನ್ನೊಂದು ಕರ ಅಷ್ಟೇ.

ಇದಕ್ಕಿಂತ ನನಗೆ ಹಿಡಿಸಿದ್ದು ಕೆರೆ ಹೂಳೆತ್ತುವ ಲೆಕ್ಕ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು 2016ರಿಂದ ‘ನಮ್ಮೂರು ನಮ್ಮ ಕೆರೆ’ ಅಂತ ನಡೆಸತಾ ಇದ್ದಾರ. ಊರಲ್ಲಿ ಕೆರೆ ಸಮಿತಿ ಆಗಬೇಕು. ಹೂಳು ತೆಗೆಯೋ ಯಂತ್ರದ ಖರ್ಚು ಯೋಜನೆಯದು, ಹೂಳು ಹೊತ್ತೊಯ್ಯೋ ಟ್ರ್ಯಾಕ್ಟರ್ ಖರ್ಚು ರೈತರದು. ರೈತ ಹೊಲಕ್ಕೆ ಫಲವತ್ತಾದ ಮಣ್ಣು ಸಿಗತೈತಿ ಅಂತ ಟ್ರ್ಯಾಕ್ಟರ್ ತರತಾನ, ಊರಿಗೆ ಕೆರೆ ಆಳ ಆಗುತ್ತದೆ. ಇಬ್ಬರಿಗೂ ಲಾಭ ಇದ್ದಾಗ ವಂತಿಗೆ ಕೇಳೋ ಪ್ರಮೇಯವೇ ಬರೋದಿಲ್ಲ. ಪಟ್ಟಣದ ಓಣಿಗೆ ಸಮಪಾಲು ತರಬೇಕಂದ್ರ ಈ ಟ್ರ್ಯಾಕ್ಟರ್ ಲೆಕ್ಕವನ್ನು ನೆನಪಿಡಬೇಕು.

ನಮ್ಮ ಓಣಿಯ ಗರಸಿನ ಕಥೆ

ಇಲ್ಲಿ ನನ್ನದೇ ಒಂದು ಅನುಭವ ಹೇಳತೀನಿ. ಊರ ಹೆಸರು ಬ್ಯಾಡ. ಕಾಲೇಜು ಬಿಟ್ಟು ಮನೆಯಲ್ಲಿ ಕೂತಿದ್ದ ದಿನಗಳು. ನಮ್ಮ ಓಣಿಯ ರಸ್ತೆ ಮಳೆಗಾಲದಲ್ಲಿ ರಾಡಿ. ಎರೆಮಣ್ಣಿನ ರಾಡಿ ಅಂದರೆ ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮ್ಯಾಲೆ ಬರತೈತಿ. ಸಾಲಿಗೆ ಹೋಗೋ ಹುಡುಗರು ಬಿದ್ದರು, ಒಬ್ಬ ಅಜ್ಜಿಯ ಕೈ ಮುರೀತು. ಮನವಿ ಕೊಟ್ಟು ಸಾಕಾಗಿ ಮನೆಗೆ ಸಾವಿರದಂತೆ ಪಟ್ಟಿ ಎತ್ತಿದಿವಿ. ಕೊಡಲಾಗದವರು ಸಲಿಕೆ ಹಿಡಿದರು. ಐದು ಟ್ರಿಪ್ ಗರಸು ಹಾಕಿಸಿ, ನೀರು ಹೊಡೆದು, ರೋಲರ್ ಬಾಡಿಗೆಗೆ ತಂದು ರಸ್ತೆ ಗಟ್ಟಿ ಮಾಡಿದಿವಿ. ಲೆಕ್ಕವನ್ನು ಓಣಿಯ ಕಿರಾಣಿ ಅಂಗಡಿಯ ಗೋಡೆಗೆ ಅಂಟಿಸಿದಿವಿ.

ಏಳು ತಿಂಗಳು ಚಂದ ಇತ್ತು. ಒಂದು ದಿನ ಮುಂಜಾನೆ ಜೆಸಿಬಿ ಬಂತು. ಪೈಪ್ ಹಾಕೋ ಗುತ್ತಿಗೆಯವರು. ನಡುರಸ್ತೆಯನ್ನು ಉದ್ದಕ್ಕೂ ಸೀಳಿ, ಪೈಪ್ ಇಟ್ಟು, ಮೇಲೆ ಅದೇ ಎರೆಮಣ್ಣು ಎಳೆದು ಹೋದರು. ‘ಇದು ನಮ್ಮ ರೊಕ್ಕದ ರಸ್ತೆ’ ಅಂದಿವಿ. ಬಂದಿದ್ದ ಮೇಸ್ತ್ರಿ ಕೇಳಿದ: ‘ಯಾವ ದಾಖಲೆಯಾಗ ಐತ್ರಿ?’

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೇಸ್ತ್ರಿಯನ್ನು ಬೈದು ಉಪಯೋಗ ಇಲ್ಲ. ಆ ರಸ್ತೆ ಯಾರ ಪುಸ್ತಕದಲ್ಲೂ ಇರಲಿಲ್ಲ. ಅಗೆಯೋ ಮುಂಚೆ ಯಾರ ಒಪ್ಪಿಗೆ ಕೇಳಬೇಕು, ಅಗೆದ ಮೇಲೆ ಯಾರು ಸರಿ ಮಾಡಬೇಕು ಅನ್ನೋ ಕಾಗದವೇ ಇಲ್ಲ. ಸಮಪಾಲು ಅನುದಾನದ ಬಗ್ಗೆ ಎಲ್ಲರೂ ರೊಕ್ಕದ ಮಾತು ಆಡ್ತಾರ. ನನಗೆ ಅನ್ನಿಸೋದು, ಊರಿನ ಸಂಸ್ಥೆ ಹತ್ತು ರೂಪಾಯಿ ಹಾಕಿದರೂ ಸಾಕು, ಆ ಹತ್ತು ರೂಪಾಯಿಯಿಂದ ಕೆಲಸ ದಾಖಲೆಗೆ ಬರುತ್ತದೆ. ಅಳತೆ ಪುಸ್ತಕ, ಒಪ್ಪಂದ, ಎಂಜಿನಿಯರ್ ಸಹಿ ಎಲ್ಲಾ ಬರುತ್ತವೆ. ಜನರ ಪಾಲಿಗೆ ಕಾಗದದ ರಕ್ಷಣೆ ಸಿಗುತ್ತದೆ.

ಯಾವುದಕ್ಕೆ ಪಾಲು, ಯಾವುದಕ್ಕೆ ಬ್ಯಾಡ

ಈ ಗೆರೆ ಸರಿಯಾಗಿ ಎಳೆಯದೆ ಹೋದರೆ ಇಡೀ ಯೋಜನೆ ಜನರಿಗೆ ಮೋಸ ಆಗುತ್ತದೆ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಲ್ಲಿ ಎರಡು ನಮೂನೆ ಕೆಲಸ ಇವೆ. ಒಂದು ಕಡ್ಡಾಯ: ಬೀದಿದೀಪ, ಸ್ವಚ್ಛತೆ, ಚರಂಡಿ, ರಸ್ತೆ, ಕುಡಿಯುವ ನೀರು. ಇನ್ನೊಂದು ವಿವೇಚನೆಗೆ ಬಿಟ್ಟದ್ದು: ಉದ್ಯಾನ, ವಾಚನಾಲಯ, ಗಿಡ ನೆಡೋದು ಇಂಥವು. ಕಡ್ಡಾಯ ಕೆಲಸಕ್ಕೆ ‘ನೀವು ಅರ್ಧ ಹಾಕ್ರಿ’ ಅಂತ ಯಾರಾದರೂ ಬಂದರೆ ಒಪ್ಪಬಾರದು. ಅದು ನಿಮ್ಮ ಕರದಲ್ಲೇ ಆಗಬೇಕಾದ ಕೆಲಸ. ಗದಗ-ಬೆಟಗೇರಿಗೆ ಹಮ್ಮಿಗಿ ಬ್ಯಾರೇಜಿಂದ ತುಂಗಭದ್ರೆಯ ನೀರು ತರೋದು ಪಟ್ಟಿ ಎತ್ತಿ ಆಗೋ ಮಾತೇನು?

ಹಂಗಾದ್ರ ಯಾವುದಕ್ಕೆ? ಬಯಲಾಗಿ ಬಿದ್ದು ಕಸದ ತಿಪ್ಪೆಯಾದ ಉದ್ಯಾನದ ಜಾಗಕ್ಕೆ ತಂತಿ ಬೇಲಿ ಮತ್ತು ಗಿಡ. ಬಜಾರಿನಲ್ಲಿ ಸಂತೆಗೆ ಬಂದ ಹೆಣ್ಣುಮಕ್ಕಳಿಗೆ ಕೂರಲು ನೆರಳು. ಅಂಗಡಿ ಸಾಲಿಗೆ ಕುಡಿಯುವ ನೀರಿನ ಅರವಟ್ಟಿಗೆ. ಹಳೆ ಬಾವಿ, ಹೊಂಡದ ಹೂಳು. ಬಸ್ ನಿಲ್ಲೋ ಕಡೆ ಕಟ್ಟೆ. ಸರ್ಕಾರಿ ಸಾಲಿ ಮುಂದಿನ ಜಾಗಕ್ಕೆ ಕಲ್ಲು ಹಾಸು. ಸರ್ಕಾರಕ್ಕೆ ಇವು ಸಣ್ಣವು, ಕಡತಕ್ಕೆ ಬರೋದೇ ಇಲ್ಲ. ಓಣಿಗೆ ದೊಡ್ಡವು.

ಅಂಗಡಿಕಾರರಿಗೆ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ನಮ್ಮ ನಾಲ್ಕೂ ಊರಿನ ಬಜಾರಿನಲ್ಲಿ ಗಟಾರ ತುಂಬೋದಕ್ಕೆ ಒಂದು ಕಾರಣ ಅದರ ಮೇಲೆ ನಾವೇ ಹಾಕಿದ ಕಡಪಾ ಕಲ್ಲು ಮತ್ತು ಕಟ್ಟೆ. ಪೌರಕಾರ್ಮಿಕರು ಕೈ ಹಾಕೋಕೂ ಜಾಗ ಇರೋದಿಲ್ಲ. ಅಂಗಡಿ ಸಾಲಿನವರು ಎತ್ತಿಡೋ ಅಂಥ ಜಾಳಿಗೆ ತಾವೇ ಹಾಕಿಸಿಕೊಂಡು, ಅದನ್ನು ತಮ್ಮ ಪಾಲು ಅಂತ ತೋರಿಸಿ, ಎದುರಿಗೆ ನೆರಳಿನ ಕಟ್ಟೆ ಕೇಳಿದರೆ ಯಾವ ಅಧಿಕಾರಿಯೂ ಸುಲಭಕ್ಕೆ ಇಲ್ಲ ಅನ್ನಲಾರ. ಅದು ನಮ್ಮ ಟ್ರ್ಯಾಕ್ಟರ್ ಲೆಕ್ಕ.

ಬಡ ಓಣಿ ಎಲ್ಲಿಂದ ತರಬೇಕು?

ಸಮಪಾಲಿನ ವಿರುದ್ಧ ಇರೋ ದೊಡ್ಡ ಆಕ್ಷೇಪ ಇದೇ, ಮತ್ತು ಅದು ಖರೆ. ದಿಲ್ಲಿಯಲ್ಲಿ 2000ರಲ್ಲಿ ಶೀಲಾ ದೀಕ್ಷಿತ್ ಸರ್ಕಾರ ‘ಭಾಗೀದಾರಿ’ ಅಂತ ಮಾಡಿತು. ನಿವಾಸಿಗಳ ಸಂಘಗಳನ್ನು ಜೊತೆಗೆ ಕರೆದುಕೊಂಡು ಕೆಲಸ. ಸಂಘ ಕಟ್ಟೋ ತಾಕತ್ತು ಇದ್ದ ಕಾಲೋನಿಗಳ ಮಾತು ನಡೀತು, ಕೊಳೆಗೇರಿಯವರು ಮತ್ತು ಅನಧಿಕೃತ ಬಡಾವಣೆಯವರು ಹೊರಗೇ ಉಳಿದರು ಅನ್ನೋ ಟೀಕೆ ಅದಕ್ಕೆ ಕೊನೆತನಕ ಅಂಟಿಕೊಂಡಿತು.

ಒಂದು ಲೆಕ್ಕ ಹಾಕಿ ನೋಡೋಣ. ನೌಕರದಾರರು ಇರೋ ಒಂದು ಓಣಿ, 40 ಮನೆ, ಮನೆಗೆ ಸಾವಿರ: 40,000 ರೂಪಾಯಿ. ಸಮಪಾಲು ಸಿಕ್ಕರೆ 80,000ದ ಕೆಲಸ. ತಮಿಳುನಾಡಿನ ಲೆಕ್ಕದಲ್ಲಾದರೆ 1,20,000ದ ಕೆಲಸ. ಈಗ ನೇಕಾರರು, ಹಮಾಲರು, ಗೌಂಡಿ ಕೆಲಸದವರು ಇರೋ ಇನ್ನೊಂದು 40 ಮನೆ ಓಣಿ. ಮನೆಗೆ 200 ರೂಪಾಯಿ ಅಂದರೆ 8,000. ಇಲ್ಲಿಗೇ ನಿಲ್ಲಿಸಿದರೆ ಬಡ ಓಣಿಗೆ ಸಿಗೋದು ಐದರಲ್ಲಿ ಒಂದು ಪಾಲು. ಆದರೆ ದುಡಿಮೆಯನ್ನೂ ಎಣಿಸಿದರೆ? 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 15 ಮಂದಿ ಆರು ದಿನ ದುಡಿದರೆ 33,300. ರೊಕ್ಕ ಸೇರಿ 41,300. ನೌಕರದಾರರ ಓಣಿಗಿಂತ ಒಂದು ಕೈ ಮ್ಯಾಲೇ.

ಕಾಗದದ ಮೇಲೆ ಚಂದ ಕಾಣತೈತಿ. ಆದರೆ ಬೆಟಗೇರಿಯ ಮಗ್ಗದ ಮುಂದೆ ಕೂತವರಿಗೆ ಈ ಲೆಕ್ಕ ಹೇಳಿ ನೋಡ್ರಿ. ದಿನಗೂಲಿಯವರ ಭಾನುವಾರ ನೌಕರದಾರರ ಭಾನುವಾರ ಅಲ್ಲ. ಒಂದು ದಿನ ಸಲಿಕೆ ಹಿಡಿದರೆ ಆ ದಿನದ ಪಗಾರ ಹೋಯಿತು. ಅದಕ್ಕೇ ದುಡಿಮೆ ಎಣಿಸೋದರ ಜೊತೆಗೆ ಬಡ ಓಣಿಯ ಪಾಲನ್ನೇ ಕಡಿಮೆ ಮಾಡಬೇಕು, ಜಲ ಜೀವನ ಮಿಷನ್ ಹತ್ತನ್ನು ಐದು ಮಾಡಿದ ಹಂಗ. ಪಟ್ಟಣಗಳ ಬಜೆಟ್ಟಿನಲ್ಲಿ ಪರಿಶಿಷ್ಟರಿಗೆ ಶೇ 24.10, ಹಿಂದುಳಿದ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲು ಅನ್ನೋದು ಆಗಲೇ ಐತಿ. ಸಮಪಾಲು ನಿಧಿಯನ್ನೂ ಅದೇ ಪ್ರಮಾಣದಲ್ಲಿ ಮೊದಲೇ ಬೇರೆ ತೆಗೆದಿಟ್ಟರೆ ಮುಂದಿನ ಜಗಳ ತಪ್ಪುತ್ತದೆ.

ಇನ್ನೊಂದು ಅಪಾಯ ಗುತ್ತಿಗೆದಾರರದು. ಕೇರಳದಲ್ಲಿ 1996ರಿಂದ ಜನಯೋಜನೆ ನಡೆದಾಗ ಸಣ್ಣ ಕೆಲಸಗಳನ್ನು ಫಲಾನುಭವಿ ಸಮಿತಿಗಳಿಗೆ ಕೊಟ್ಟರು. ಬಹಳ ಕಡೆ ಚಲೋ ಆಯಿತು. ಕೆಲವು ಕಡೆ ಸಮಿತಿಯ ಸಂಚಾಲಕ ಅಂತ ಕೂತವನು ಗುತ್ತಿಗೆದಾರನ ಬೇನಾಮಿ ಮನುಷ್ಯ ಅನ್ನೋದು ಹೊರಬಿತ್ತು. ನಮ್ಮಲ್ಲಿ ಹಂಗ ಆಗೋದಿಲ್ಲ ಅಂತ ಎದಿ ತಟ್ಟಿ ಹೇಳೋರು ಯಾರಾದರೂ ಇದ್ದರೆ ನನಗೆ ಫೋನ್ ಮಾಡ್ರಿ.

ರೊಕ್ಕ ಎಲ್ಲೈತಿ?

15ನೇ ಹಣಕಾಸು ಆಯೋಗ 2021-26ಕ್ಕೆ ನಮ್ಮಂಥ ಪಟ್ಟಣಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು, ಶೇ 40 ಮಾತ್ರ ಸ್ಥಳೀಯ ಅಗತ್ಯಕ್ಕೆ ಬಿಟ್ಟದ್ದು. ಅದರ ಮೇಲೆ ಆಸ್ತಿ ತೆರಿಗೆ. ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಅಂತ ಮೈಕಿನಲ್ಲಿ ಕೂಗಿಕೊಂಡು ಗಾಡಿ ತಿರುಗೋದು ಎಲ್ಲರೂ ಕೇಳೀರಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ಐತಿ, ಅದು ಇಡೀ ಕ್ಷೇತ್ರಕ್ಕೆ.

ಗದಗ-ಬೆಟಗೇರಿಯಲ್ಲಿ 35 ವಾರ್ಡ್. ವಾರ್ಡಿಗೆ ಒಂದು ಲಕ್ಷದಂತೆ ಸಮಪಾಲು ಅಂತ ತೆಗೆದಿಟ್ಟರೆ 35 ಲಕ್ಷ. ಜನರ ಪಾಲು ಅಷ್ಟೇ ಬಂದರೆ 70 ಲಕ್ಷದ ಕೆಲಸ. ನಗರಸಭೆಯ ಗಾತ್ರಕ್ಕೆ ಇದು ಹೆಗಲು ಮುರಿಯೋ ಭಾರ ಅಲ್ಲ. ಲಕ್ಷ್ಮೇಶ್ವರ, ಮುಂಡರಗಿ ಪುರಸಭೆಗಳು ಇದರ ಅರ್ಧದಿಂದ ಶುರು ಮಾಡಬಹುದು. ಶಿರಹಟ್ಟಿ ಪಟ್ಟಣ ಪಂಚಾಯಿತಿ ನಾಲ್ಕು ಓಣಿ ಆರಿಸಿ ಒಂದು ವರ್ಷ ನಡೆಸಿ ನೋಡಿದರೂ ಸಾಕು. ಸಣ್ಣ ಊರು, ಯಾರು ಎಷ್ಟು ಕೊಟ್ಟರು ಅಂತ ಎಲ್ಲರಿಗೂ ಗೊತ್ತಿರತೈತಿ, ಅದೇ ಅರ್ಧ ಲೆಕ್ಕಪರಿಶೋಧನೆ.

ಆದರೆ ಓಣಿಯ ಪರವಾಗಿ ಸಹಿ ಹಾಕೋರು ಯಾರು? ಸಂವಿಧಾನದ 243ಎಸ್ ವಿಧಿ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯ ಆಗೋದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿಗೆ. 2011ರ ಗಣತಿಯಲ್ಲಿ ಗದಗ-ಬೆಟಗೇರಿ ಸುಮಾರು 1.72 ಲಕ್ಷ. ಉಳಿದ ಮೂರು ಊರು ಅದಕ್ಕಿಂತ ಬಹಳ ಸಣ್ಣವು. ಅಂದರೆ ಹಳ್ಳಿಯವರಿಗೆ ಗ್ರಾಮಸಭೆ ಐತಿ, ಬೆಂಗಳೂರಿನವರಿಗೆ ವಾರ್ಡ್ ಸಮಿತಿ ಐತಿ, ನಡುವಿನ ನಮಗೆ ಸಂವಿಧಾನ ಕೊಟ್ಟ ಕುರ್ಚಿ ಇಲ್ಲ. ಈ ಜಾಗ ತುಂಬೋಕೆ ಹೊಸ ಕಾಯ್ದೆಗೆ ಕಾಯಬೇಕಾಗಿಲ್ಲ. ಪ್ರತಿ ಓಣಿಯಲ್ಲಿ ಸ್ವಸಹಾಯ ಸಂಘಗಳು ಇವೆ. ಹೆಣ್ಣುಮಕ್ಕಳು ವಾರ ವಾರ ಉಳಿತಾಯ ಕಟ್ಟಿ, ಪುಸ್ತಕ ಬರೆದು, ಬ್ಯಾಂಕಿನಲ್ಲಿ ಖಾತೆ ನಡೆಸ್ತಾರ. ಗಜಾನನ ಮಂಡಳಿಯ ಹುಡುಗರಿಗಿಂತ (ನಾನೂ ಅದರಲ್ಲಿ ಒಬ್ಬ) ಅವರ ಲೆಕ್ಕ ಎಷ್ಟೋ ಪಾಲು ಚೊಕ್ಕ. ಓಣಿಯ ಪಾಲು ಅವರ ಖಾತೆಗೇ ಹೋಗಲಿ.

ಬಜೆಟ್ ಪೂರ್ವಭಾವಿ ಸಭೆ ಅಂತ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಎಲ್ಲಾ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ನಡೆಯುತ್ತದೆ. ಸಾರ್ವಜನಿಕರು ಸಲಹೆ ಕೊಡಬೇಕು ಅಂತ ಪ್ರಕಟಣೆ ಬರುತ್ತದೆ. ವರದಿಗೆ ಹೋದಾಗ ನಾನು ಕಂಡದ್ದು: ಮುಂದಿನ ಎರಡು ಸಾಲು ತುಂಬಿರತಾವ, ಹಿಂದೆ ಖಾಲಿ. ಬಂದವರು ಬೀದಿನಾಯಿ, ಹಂದಿ, ನೀರು ಅಂತ ದೂರು ಹೇಳಿ, ಚಹಾ ಕುಡಿದು ಹೋಗತಾರ. ದೂರಿಗೆ ‘ಗಮನಿಸಲಾಗುವುದು’ ಅಂತ ಉತ್ತರ ಬರುತ್ತದೆ. ಅದರ ಬದಲು ಒಂದು ಓಣಿಯ ಹತ್ತು ಮಂದಿ ‘ನಮ್ಮ 40,000 ಇಲ್ಲೈತಿ, ಪಾಸ್‌ಬುಕ್ ನೋಡ್ರಿ, ಉದ್ಯಾನದ ಜಾಗದ ನಕ್ಷೆ ಇದು, ನಿಮ್ಮ ಪಾಲು ಯಾವ ಶೀರ್ಷಿಕೆಯಲ್ಲಿ ಇಡತೀರಿ ಬರೆದು ಕೊಡ್ರಿ’ ಅಂತ ಲಿಖಿತವಾಗಿ ಕೇಳಿದರೆ ನಡಾವಳಿಯಲ್ಲಿ ಅದನ್ನು ಬರೆಯಲೇಬೇಕಾಗುತ್ತದೆ. ಆಗದು ಅಂದರೂ ಯಾಕೆ ಆಗದು ಅಂತ ಬರೀಬೇಕು. ಆ ಪ್ರತಿಯನ್ನು ಕೇಳಿ ಪಡೆಯಿರಿ.

ಕೆಲಸ ಆದ ಮೇಲಿನ ಮಾತನ್ನೂ ಅದರಲ್ಲೇ ಬರೆಸಬೇಕು. ಗಿಡಕ್ಕೆ ನೀರು ಯಾರು, ಬಲ್ಬ್ ಹೋದರೆ ಯಾರು, ಪೈಪಿಗೆ ಅಗೆದರೆ ಎಷ್ಟು ದಿನದಲ್ಲಿ ಯಾರು ಮುಚ್ಚಬೇಕು. ಊರಲ್ಲಿ ಉದ್ಘಾಟನೆಯ ಕಲ್ಲು ಉಳಿದು ಕೆಲಸ ಹಾಳಾದ ಜಾಗಗಳನ್ನು ತೋರಿಸೋಕೆ ನನಗೆ ಒಂದು ಬೈಕು, ಅರ್ಧ ಲೀಟರ್ ಪೆಟ್ರೋಲ್ ಸಾಕು.

ನಮ್ಮ ಓಣಿಯ ಗರಸಿನ ಲೆಕ್ಕದ ಕಾಗದ ಆ ಕಿರಾಣಿ ಅಂಗಡಿಯ ಗೋಡೆ ಮೇಲೆ ಇನ್ನೂ ಐತಿ, ಮಸಿ ಹಾರೈತಿ. ಉಳಿತಾಯ 1,140 ರೂಪಾಯಿ ಅಂತ ಕೊನೇ ಸಾಲು. ಆ ರೊಕ್ಕ ಅಂಗಡಿಯವರ ಹತ್ತಿರಾನ ಐತಿ. ಮೊನ್ನೆ ಹೋದಾಗ ಕೇಳಿದರು: ‘ಇದನ್ನ ಗಣಪತಿಗೆ ಸೇರಸೂಣೇನೋ, ಇಲ್ಲಾ ಮತ್ತ ಗರಸು ಹಾಕಸೂಣೇನೋ?’ ಬಜೆಟ್ ಸಭೆ ತನಕ ಇಟ್ಟಿರ್ರಿ ಅಂದು ಬಂದೀನಿ.